ಪದ ಪರಿಚಯ: ಬೇಬಾಕಿ

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಸಹಕಾರ ಸಂಘದ ರಸೀದಿಗಳ ಕಟ್ಟೊಂದು ಸಿಕ್ಕಿತು. ಬೆಳೆಸಾಲದ ಅಸಲು, ಬಡ್ಡಿ, ಕೊನೆಯ ಕಂತು, ಎಲ್ಲಕ್ಕೂ ಲೆಕ್ಕವಿತ್ತು. ಆದರೆ ಹೊಲದ ಪಹಣಿ ತೆಗೆಸಿ ನೋಡಿದರೆ ಹನ್ನೊಂದನೆಯ ಕಾಲಂನಲ್ಲಿ ಅದೇ ಸಾಲ ಹಾಗೆಯೇ ಕುಳಿತಿತ್ತು. ಅಪ್ಪ ಸಾಲ ತೀರಿಸಿದ್ದರು, ತೀರಿತು ಎಂದು ಬರೆಸಿಕೊಂಡಿರಲಿಲ್ಲ. ಅವರ ಟ್ರಂಕಿನಲ್ಲಿ ಇರಬೇಕಾಗಿದ್ದು ಇಲ್ಲದೆಹೋದ ಆ ಒಂದು ಹಾಳೆಯ ಹೆಸರು ಬೇಬಾಕಿ ಪತ್ರ.

ಈ ಪದವನ್ನು ಕಚೇರಿಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ನಿವೃತ್ತರಾಗುವ ನೌಕರರಿಂದ, ಹಾಸ್ಟೆಲ್ ಬಿಡುವ ವಿದ್ಯಾರ್ಥಿಗಳಿಂದ ಬೇಬಾಕಿ ಪ್ರಮಾಣಪತ್ರ ಕೇಳುತ್ತಾರೆ. ಬ್ಯಾಂಕಿನವರು ಇದನ್ನೇ ನೋ ಡ್ಯೂ ಸರ್ಟಿಫಿಕೇಟ್ ಎನ್ನುತ್ತಾರೆ. ‘ಬಾಕಿ’ ಅರಬ್ಬಿ ಮೂಲದ್ದು, ಉಳಿದದ್ದು ಎಂದು ಅರ್ಥ. ‘ಬೇ’ ಪಾರಸಿಯ ಉಪಸರ್ಗ, ಇಲ್ಲದ ಎಂದು ಅರ್ಥ. ಬೇನಾಮಿ, ಬೇವಾರಸು, ಬೇಜವಾಬ್ದಾರಿ ಪದಗಳಲ್ಲಿ ಇರುವುದೂ ಇದೇ ‘ಬೇ’. ನಮ್ಮ ಸಾಲದ ಶಬ್ದಕೋಶದಲ್ಲಿ ಅರ್ಧದಷ್ಟು ಹೀಗೆ ಆಡಳಿತದ ದಫ್ತರಗಳ ದಾರಿಯಲ್ಲಿ ಬಂದದ್ದು: ಅಸಲು, ವಸೂಲಿ, ಜಾಮೀನು, ಜಪ್ತಿ, ರಸೀದಿ. ಬಡ್ಡಿ ಮಾತ್ರ ಸಂಸ್ಕೃತದ ‘ವೃದ್ಧಿ’ಯ ತದ್ಭವ.

ಬೇಬಾಕಿಗೆ ಹತ್ತಿರದ ಪದಗಳು ಕನ್ನಡದಲ್ಲಿ ಇನ್ನೂ ಇವೆ. ಚುಕ್ತಾ, ತೀರುವಳಿ, ಋಣಮುಕ್ತ. ಇವನ್ನು ಒಂದರ ಬದಲು ಇನ್ನೊಂದಾಗಿ ಬಳಸುತ್ತೇವಾದರೂ ಚುಕ್ತಾಕ್ಕೂ ಬೇಬಾಕಿಗೂ ಇರುವ ಒಂದು ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ಚುಕ್ತಾ ಮಾಡುವುದು ಸಾಲ ಪಡೆದವರ ಕೆಲಸ. ಬೇಬಾಕಿ ಎಂದು ಹೇಳಬೇಕಾದವರು ಸಾಲ ಕೊಟ್ಟವರು. ‘ನಾನು ಚುಕ್ತಾ ಮಾಡಿದೆ’ ಎಂದು ನೂರು ಸಲ ಹೇಳಿದರೂ ಎದುರಿನವರ ಪುಸ್ತಕದಲ್ಲಿ ಬಾಕಿ ಕಾಣುತ್ತಿರುವವರೆಗೆ ನಾವು ಸಾಲಗಾರರೇ. (‘ಸಾಲಗಾರ’ ಎಂಬ ಪದವನ್ನು ಕನ್ನಡದಲ್ಲಿ ಕೊಟ್ಟವನಿಗೂ ಪಡೆದವನಿಗೂ ಬಳಸುತ್ತೇವೆ. ‘ಸಾಲಗಾರರು ಬಾಗಿಲಿಗೆ ಬಂದರು’ ಎಂದಾಗ ಬಂದವರು ಕೊಟ್ಟವರು. ಗೊಂದಲ ಬೇಡವೆಂದು ಮುಂದೆ ಆದಷ್ಟೂ ಬಿಡಿಸಿಯೇ ಬರೆಯುತ್ತೇನೆ.)

ಕೊನೆಯ ಕಂತು ಕಟ್ಟಿದ ದಿನವೇ ಬಾಕಿ ಸೊನ್ನೆಯಾಗುತ್ತದೆ ಎಂದು ನಂಬುವುದು ಸಹಜ. ಎಷ್ಟೋ ಖಾತೆಗಳಲ್ಲಿ ಹಾಗಾಗುವುದಿಲ್ಲ. ಕಂತಿನ ದಿನಕ್ಕೂ ಹಣ ಜಮೆಯಾದ ದಿನಕ್ಕೂ ನಡುವಿನ ಬಡ್ಡಿ, ಹಿಂದೆಂದೋ ಚೆಕ್ ಮರಳಿದ್ದಕ್ಕೆ ಹಾಕಿದ ಶುಲ್ಕ, ತಡವಾದದ್ದಕ್ಕೆ ಹಾಕಿದ ದಂಡ, ಇವೆಲ್ಲ ಸೇರಿ ಇನ್ನೂರೋ ಮುನ್ನೂರೋ ರೂಪಾಯಿ ಉಳಿದುಬಿಡುತ್ತದೆ. ಆ ಮುನ್ನೂರು ರೂಪಾಯಿಯೇ ಖಾತೆಯನ್ನು ತೆರೆದಿಡುತ್ತದೆ. ಆದ್ದರಿಂದ ಕಟ್ಟುವುದಕ್ಕೆ ಮೊದಲೇ, ಇಂಥ ತಾರೀಖಿಗೆ ಖಾತೆ ಮುಚ್ಚಲು ಒಟ್ಟು ಎಷ್ಟು ಕಟ್ಟಬೇಕು ಎಂಬ ಲೆಕ್ಕವನ್ನು ಬರಹದಲ್ಲಿ ಕೇಳಬೇಕು. ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಆ ನಿಯಮ 2024ರಿಂದ ಜಾರಿಯಲ್ಲಿದೆ. ಲೆಕ್ಕದ ಹಾಳೆಯಲ್ಲಿ ಅದನ್ನು ಹುಡುಕಿ ನೋಡುವ ಹಕ್ಕು ನಮಗಿದೆ. ಕ್ರೆಡಿಟ್ ಕಾರ್ಡ್ ಆದರೆ ಬಾಕಿ ತೀರಿಸಿ ಸುಮ್ಮನಾಗದೆ ಕಾರ್ಡ್ ಮುಚ್ಚಲು ಪ್ರತ್ಯೇಕವಾಗಿ ಕೋರಬೇಕು. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕೆಂಬ ನಿಯಮ 2022ರಿಂದ ಇದೆ.

ಬೇಬಾಕಿಯ ಹೆಸರಿನಲ್ಲಿ ಜನ ಹೆಚ್ಚು ಮೋಸಹೋಗುವುದು ಸೆಟಲ್‌ಮೆಂಟ್, ಅಂದರೆ ಬಾಕಿಗಿಂತ ಕಡಿಮೆ ಹಣಕ್ಕೆ ಸಾಲ ಮುಗಿಸುವ ಒಪ್ಪಂದ, ಎಂಬ ಪದದ ಹತ್ತಿರ.

ನನಗೆ ಹತ್ತಿರದವರೊಬ್ಬರು ಕೆಲಸ ಕಳೆದುಕೊಂಡ ವರ್ಷ ಕಾರ್ಡಿನ ಮೇಲೆ 1,40,000 ರೂಪಾಯಿ ಬಾಕಿ ಉಳಿಸಿಕೊಂಡಿದ್ದರು. ವಸೂಲಿಯ ಏಜೆಂಟ್ ಫೋನು ಮಾಡಿ, ‘ಈ ತಿಂಗಳೊಳಗೆ 60,000 ಹಾಕಿಬಿಡಿ, ಫೈಲ್ ಮುಚ್ಚಿಸುತ್ತೇನೆ’ ಎಂದ. ಒಡವೆ ಅಡವಿಟ್ಟು ಕಟ್ಟಿದರು. ಆ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಬಂತು ಎಂದು ನನ್ನ ಬಳಿ ಹೇಳಿದ್ದರು. ಐದು ವರ್ಷದ ನಂತರ ಮನೆಸಾಲಕ್ಕೆ ಅರ್ಜಿ ಹಾಕಿದಾಗ ಅವರ ಸಾಲದ ವರದಿಯಲ್ಲಿ (ಸಿಬಿಲ್‌ನಂಥ ಕಂಪನಿಗಳು ಇಡುವ ನಮ್ಮ ಸಾಲಗಳ ದಾಖಲೆ) ಆ ಖಾತೆಯ ಎದುರು ‘ಸೆಟಲ್ಡ್’ ಎಂದಿತ್ತು. ಅರ್ಜಿ ತಿರಸ್ಕೃತವಾಯಿತು. ಉಳಿದ ಮೊತ್ತಕ್ಕೆ ಮತ್ತೆ ಮಾತುಕತೆ ನಡೆಸಿ, ಕಟ್ಟಿ, ಬೇಬಾಕಿ ಪತ್ರ ಪಡೆದು, ಆ ಪದ ‘ಕ್ಲೋಸ್ಡ್’ ಆಗುವವರೆಗೆ ಅವರು ಕಾಯಬೇಕಾಯಿತು.

ಸೆಟಲ್‌ಮೆಂಟ್ ಕಾನೂನಿಗೆ ಹೊರಗಿನದೇನೂ ಅಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 63ನೆಯ ಕಲಂ ಸಾಲ ಕೊಟ್ಟವರಿಗೆ ಬಿಟ್ಟುಕೊಡುವ ಅಧಿಕಾರವನ್ನು ಸ್ಪಷ್ಟವಾಗಿಯೇ ಕೊಟ್ಟಿದೆ. ಅಲ್ಲಿನ ಉದಾಹರಣೆಯೊಂದರ ಸಾರ ಹೀಗಿದೆ: ಒಬ್ಬನು ಇನ್ನೊಬ್ಬನಿಗೆ 5,000 ರೂಪಾಯಿ ಕೊಡಬೇಕಿದೆ, ಇಡೀ ಸಾಲಕ್ಕೆ ಬದಲಾಗಿ 2,000 ರೂಪಾಯಿ ಕೊಡುತ್ತಾನೆ, ಸಾಲ ಕೊಟ್ಟವನು ಅದನ್ನು ಹಾಗೆಂದೇ ಸ್ವೀಕರಿಸುತ್ತಾನೆ, ಇಡೀ ಸಾಲ ತೀರಿತು. ನೂರೈವತ್ತು ವರ್ಷಗಳಿಂದ ಈ ನೆಲದ ಕಾನೂನು ಇದನ್ನು ಹೇಳುತ್ತ ಬಂದಿದೆ. ಆದರೆ ಉದಾಹರಣೆಯ ಜೀವ ಇರುವುದು ‘ಇಡೀ ಸಾಲಕ್ಕೆ ಬದಲಾಗಿ’ ಎಂಬ ಮಾತಿನಲ್ಲಿ. ಆ ಮಾತು ಬರಹದಲ್ಲಿ ಇಲ್ಲದಿದ್ದರೆ ನಾವು ಕೊಟ್ಟ 2,000 ರೂಪಾಯಿ ಭಾಗಶಃ ಪಾವತಿ ಎಂದು ಜಮೆಯಾಗುತ್ತದೆ, ಉಳಿದ 3,000 ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಸೆಟಲ್‌ಮೆಂಟ್ ಅನಿವಾರ್ಯವಾದಾಗ, ಒಂದು ರೂಪಾಯಿ ಕೊಡುವ ಮೊದಲೇ ಸಂಸ್ಥೆಯ ಲೆಟರ್‌ಹೆಡ್ಡಿನ ಮೇಲೆ, ಇಲ್ಲವೇ ಸಂಸ್ಥೆಯ ಅಧಿಕೃತ ಇ-ಮೇಲ್‌ನಿಂದ ಪತ್ರ ತರಿಸಿಕೊಳ್ಳಬೇಕು. ಸಾಲದ ಖಾತೆಯ ಸಂಖ್ಯೆ, ಒಪ್ಪಿದ ಮೊತ್ತ, ಕಟ್ಟಬೇಕಾದ ಕೊನೆಯ ದಿನ ಅದರಲ್ಲಿರಬೇಕು. ಇದನ್ನು ಪೂರ್ಣ ಮತ್ತು ಅಂತಿಮ ಪಾವತಿಯೆಂದು ಸ್ವೀಕರಿಸಿ ಉಳಿದ ಮೊತ್ತದ ಹಕ್ಕನ್ನು ಬಿಟ್ಟುಕೊಡುತ್ತೇವೆ ಎಂಬ ಸಾಲಂತೂ ಇರಲೇಬೇಕು. ಖಾತೆಯ ಸ್ಥಿತಿಯನ್ನು ಸಾಲದ ವರದಿಯ ಕಂಪನಿಗಳಿಗೆ ಏನೆಂದು ತಿಳಿಸುತ್ತೀರಿ ಎಂದು ನೇರವಾಗಿ ಕೇಳಿ, ಉತ್ತರವನ್ನೂ ಅದರಲ್ಲೇ ಬರೆಸಿಕೊಳ್ಳಬೇಕು. ಹಣವನ್ನು ಸಂಸ್ಥೆಯ ಖಾತೆಗೇ ಕಟ್ಟಬೇಕು, ಏಜೆಂಟನ ಮೊಬೈಲ್ ಸಂಖ್ಯೆಗೆ ಎಂದೂ ಹಾಕಬಾರದು. ಏಜೆಂಟ್ ಎಷ್ಟು ಅವಸರಪಡಿಸಿದರೂ, ಬೆಳಿಗ್ಗೆ ಎಂಟಕ್ಕೆ ಮೊದಲು ಮತ್ತು ಸಂಜೆ ಏಳರ ನಂತರ ವಸೂಲಿಗೆ ಫೋನು ಮಾಡುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ ಎಂಬುದು ನೆನಪಿರಲಿ. ಪತ್ರ ಬರುವವರೆಗೆ ಕಾಯುವುದು ನಮ್ಮ ತಪ್ಪಲ್ಲ. ಒಪ್ಪಂದದ ಮೇಲೆ ಸಾಲ ಮುಗಿಸಿದವರಿಗೆ ಅದೇ ಸಂಸ್ಥೆ ಕೃಷಿಸಾಲದ ಹೊರತು ಬೇರೆ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು ಎಂದು ರಿಸರ್ವ್ ಬ್ಯಾಂಕಿನ 2023ರ ಜೂನ್ ತಿಂಗಳ ಸುತ್ತೋಲೆ ಹೇಳುತ್ತದೆ. ಇದನ್ನೂ ತಿಳಿದೇ ಸಹಿ ಹಾಕಬೇಕು.

ರೈಟ್ ಆಫ್ ಎಂಬುದು ಇನ್ನೂ ದೂರದ ಪದ. ಬ್ಯಾಂಕು ತನ್ನ ಲೆಕ್ಕಪುಸ್ತಕವನ್ನು ಹಗುರ ಮಾಡಿಕೊಳ್ಳಲು ಸಾಲವನ್ನು ತೆಗೆದುಹಾಕುತ್ತದೆ, ವಸೂಲಿಯ ಹಕ್ಕನ್ನು ಬಿಡುವುದಿಲ್ಲ. ಮನ್ನಾ ಎಂದರೆ ಬೇರೆ: ಸರ್ಕಾರ ತಾನೇ ಹೊರೆ ಹೊತ್ತು ಸಾಲದಿಂದ ಬಿಡಿಸುವುದು. 2018ರಲ್ಲಿ ಕರ್ನಾಟಕ ಸರ್ಕಾರ ಬೆಳೆಸಾಲ ಮನ್ನಾ ಮಾಡಿದಾಗ ರೈತರ ಕೈಗೆ ಋಣಮುಕ್ತ ಪತ್ರ ಕೊಟ್ಟದ್ದು ಈ ಕಾರಣಕ್ಕೇ. ಘೋಷಣೆಯನ್ನು ಪತ್ರಿಕೆಯಲ್ಲಿ ಓದಿದರೆ ಸಾಲದು, ಇಂಥ ಖಾತೆಯಲ್ಲಿ ಬಾಕಿ ಇಲ್ಲ ಎಂದು ಅವರವರ ಹೆಸರಿನಲ್ಲಿ ಬರಹ ಬೇಕು.

‘ಮೂರು ವರ್ಷ ಕಳೆದರೆ ಸಾಲ ಬಿದ್ದುಹೋಗುತ್ತದೆ’ ಎಂಬ ಮಾತನ್ನೂ ಬೇಬಾಕಿಯೊಂದಿಗೆ ಬೆರೆಸಬಾರದು. 1963ರ ಕಾಲಮಿತಿ ಅಧಿನಿಯಮ ಸಾಮಾನ್ಯ ಸಾಲಕ್ಕೆ ದಾವೆ ಹೂಡಲು ಮೂರು ವರ್ಷದ ಗಡುವು ಹಾಕಿದೆ, ನಿಜ. ಗಡುವು ದಾಟಿದರೆ ನ್ಯಾಯಾಲಯದ ದಾರಿ ಮುಚ್ಚುತ್ತದೆ, ಸಾಲ ಅಳಿಯುವುದಿಲ್ಲ. ಗಡುವಿನೊಳಗೆ ಸಾಲ ಒಪ್ಪಿ ಬರೆದುಕೊಟ್ಟರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದು ನಮ್ಮ ಬರಹದಲ್ಲಿ ದಾಖಲಾದರೆ, ಮೂರು ವರ್ಷದ ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ.

ಆಸ್ತಿಯ ಮೇಲಿನ ಸಾಲಕ್ಕೆ ಬೇಬಾಕಿ ಪತ್ರ ಅರ್ಧ ದಾರಿ ಮಾತ್ರ. ಸಾಲ ತೀರಿದ 30 ದಿನಗಳೊಳಗೆ ಸಾಲ ಕೊಟ್ಟವರು ಮನೆಯ ಮೂಲ ಪತ್ರಗಳನ್ನು ಮರಳಿಸಿ, ನೋಂದಾಯಿತ ಋಣಭಾರವನ್ನು ತೆಗೆಸಬೇಕು. ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ಅನ್ವಯಿಸುತ್ತದೆ. ಪತ್ರಗಳು ಬಂದ ಮೇಲೆ ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ ನೋಡಬೇಕು. ವಾಹನವಾದರೆ ಸಾಲ ಕೊಟ್ಟವರ ಸಹಿಯಿರುವ ನಮೂನೆ 35ನ್ನು ಆರ್‌ಟಿಒ ಕಚೇರಿಗೆ ಕೊಟ್ಟು ಆರ್.ಸಿ.ಯಿಂದ ಅವರ ಹೆಸರು ತೆಗೆಸಬೇಕು. ಹೊಲವಾದರೆ ಪಹಣಿ. ಉತ್ತರ ಕರ್ನಾಟಕದಲ್ಲಿ ಪಹಣಿಯ ಮೇಲಿನ ಸಾಲವನ್ನು ಬೋಜಾ ಎನ್ನುತ್ತಾರೆ. ಹೊಲದ ಮೇಲೆ ಯಾರೋ ಮೂಟೆ ಇಟ್ಟಂತೆ ಕೇಳಿಸುವ ಆ ಪದ ನನಗೆ ಬಹಳ ಸರಿಯೆನಿಸುತ್ತದೆ. ಸಾಲ ತೀರಿಸಿದವರೇ ಓಡಾಡಿ ಆ ಮೂಟೆ ಇಳಿಸಬೇಕಾಗಿ ಬರುವುದು ಮಾತ್ರ ನನಗೆ ಅನ್ಯಾಯವೆಂದೇ ಕಾಣುತ್ತದೆ.

ಕೈಸಾಲದಲ್ಲಿ ಲೆಟರ್‌ಹೆಡ್ಡೂ ಇಲ್ಲ, ಸುತ್ತೋಲೆಯೂ ಇಲ್ಲ. ಅಲ್ಲಿರುವುದು ಪ್ರೋನೋಟು, ಸಹಿ ಮಾಡಿದ ಖಾಲಿ ಚೆಕ್ಕು, ಮತ್ತು ನಂಬಿಕೆ. ಇಲ್ಲಿ ಬೇಬಾಕಿ ಎಂದರೆ ಕೊಟ್ಟ ಕಾಗದ ಕೈಗೆ ಮರಳಿ ಬರುವುದು. ಪ್ರೋನೋಟಿನ ಹಿಂಬದಿಯಲ್ಲಿ ‘ಅಸಲು ಬಡ್ಡಿ ಸಹಿತ ಪೂರ್ತಿ ಸಂದಾಯವಾಗಿದೆ’ ಎಂದು ಷರಾ ಬರೆಸಿ, ತಾರೀಖು ಹಾಕಿಸಿ, ಸಹಿ ಪಡೆದು ತೆಗೆದುಕೊಳ್ಳಬೇಕು. ‘ಎಲ್ಲೋ ಇಟ್ಟಿದ್ದೇನೆ, ಸಿಕ್ಕಾಗ ಕೊಡುತ್ತೇನಮ್ಮ’ ಎಂದರೆ, ಆ ಪ್ರೋನೋಟು ಮತ್ತು ಚೆಕ್ಕಿನ ಸಂಖ್ಯೆ ಹೆಸರಿಸಿ, ಅವು ಇನ್ನು ಚಲಾವಣೆಯಲ್ಲಿಲ್ಲ ಎಂದು ಬೇರೆ ಹಾಳೆಯಲ್ಲಿ ಬರೆಸಿಕೊಳ್ಳಬೇಕು. ಉಳಿದುಹೋದ ಚೆಕ್ಕನ್ನು ತುಂಬಿ ಬ್ಯಾಂಕಿಗೆ ಹಾಕಿ, ಅದು ಮರಳಿದರೆ ವರ್ಗಾವಣೀಯ ಲಿಖಿತಗಳ ಅಧಿನಿಯಮದ 138ನೆಯ ಕಲಂನಡಿ ಕ್ರಿಮಿನಲ್ ಪ್ರಕರಣ ಹೂಡಲು ಸಾಧ್ಯ. ತೀರಿದ ಸಾಲಕ್ಕೆ ನ್ಯಾಯಾಲಯ ಅಲೆಯುವ ಆ ಕಷ್ಟ ಯಾರಿಗೂ ಬೇಡ. ಹಣವನ್ನು ನಗದಾಗಿ ಕೊಡದೆ ಖಾತೆಯಿಂದ ಖಾತೆಗೆ ಕಳಿಸಿದರೆ ಪಾಸ್‌ಪುಸ್ತಕವೇ ಸಾಕ್ಷಿ ಹೇಳುತ್ತದೆ. ಒಬ್ಬರಿಗೇ ಎರಡು ಮೂರು ಸಾಲವಿದ್ದರೆ, ಕೊಡುವ ಹಣ ಯಾವುದಕ್ಕೆ ಎಂದು ಕೊಡುವಾಗಲೇ ಹೇಳುವ ಹಕ್ಕನ್ನು ಕರಾರು ಅಧಿನಿಯಮದ 59ನೆಯ ಕಲಂ ನಮಗೆ ಕೊಟ್ಟಿದೆ.

ಮೀಟರ್ ಬಡ್ಡಿಯವರಿಂದ ಬರಹ ಸಿಗುವುದೇ ಕಷ್ಟ. ಅಸಲಿನ ಎರಡರಷ್ಟು ಕಟ್ಟಿದ ಮೇಲೂ ‘ಇನ್ನೂ ಇದೆ’ ಎನ್ನುವವರ ಪುಸ್ತಕದಲ್ಲಿ ಬೇಬಾಕಿ ಎಂಬ ಪುಟವೇ ಇರುವುದಿಲ್ಲ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 2004ರಿಂದ ಇದೆ. 2025ರ ಫೆಬ್ರವರಿಯಲ್ಲಿ ಕಿರುಸಾಲದ ವಸೂಲಿಯಲ್ಲಿನ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಹತ್ತು ವರ್ಷದವರೆಗಿನ ಜೈಲು ಮತ್ತು ಐದು ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ಇಂಥವರಿಂದ ತೊಂದರೆಯಾದಾಗ ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಂಡು ಕೂರಬೇಡಿ, ಕಟ್ಟಿದ್ದರ ಲೆಕ್ಕವನ್ನು ಒಂದು ನೋಟ್‌ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ಎಂದು ಕೈಮುಗಿದು ಕೇಳುತ್ತೇನೆ.

ಜಾಮೀನು ಹಾಕಿದವರೂ ಬೇಬಾಕಿಯ ಪ್ರತಿಯೊಂದನ್ನು ಪಡೆದಿಟ್ಟುಕೊಳ್ಳಬೇಕು. ಸಾಲ ಪಡೆದವರಷ್ಟೇ ಹೊಣೆ ಅವರ ಮೇಲೂ ಇರುತ್ತದೆ, ಆದರೆ ಸಾಲ ತೀರಿದ ಸುದ್ದಿ ಅವರನ್ನು ತಲುಪುವುದು ಕಡಿಮೆ.

ಪತ್ರ ಕೈಸೇರಿ ತಿಂಗಳೆರಡು ತಿಂಗಳಾದ ಮೇಲೆ ಸಾಲದ ವರದಿಯನ್ನು ಒಮ್ಮೆ ನೋಡಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ಬೇಬಾಕಿ ಪತ್ರದ ಪ್ರತಿ ಲಗತ್ತಿಸಿ ದೂರು ಕೊಡಬಹುದು. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸಂಸ್ಥೆ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ನಮ್ಮ ಊರಿನ ಸಹಕಾರ ಸಂಘ ಈ ರಿಸರ್ವ್ ಬ್ಯಾಂಕಿನ ನಿಯಮಗಳೊಳಗೆ ಬರುವಂಥದ್ದಲ್ಲ. ಅಪ್ಪನ ರಸೀದಿಗಳನ್ನು ಹಿಡಿದು ನಾನು ನಾಲ್ಕು ಸಲ ಹೋಗಬೇಕಾಯಿತು. ನಾಲ್ಕನೆಯ ಸಲ ಹಳೆಯ ಲೆಡ್ಜರು ಸಿಕ್ಕಿತು. ಕೊನೆಯ ರಸೀದಿಯ ಸಂಖ್ಯೆ ಅದರಲ್ಲಿ ತಾಳೆಯಾದ ಮೇಲೆ ಕಾರ್ಯದರ್ಶಿ ಮೂರು ಸಾಲಿನ ಪತ್ರ ಬರೆದು ಮೊಹರು ಒತ್ತಿದರು. ಅದನ್ನು ತಾಲ್ಲೂಕು ಕಚೇರಿಗೆ ಕೊಟ್ಟು, ಕೆಲವು ವಾರ ಬಿಟ್ಟು ಪಹಣಿಯ ಹೊಸ ಪ್ರತಿ ತೆಗೆಸಿದೆ. ಹನ್ನೊಂದನೆಯ ಕಾಲಂ ಖಾಲಿಯಿತ್ತು. ಎರಡನ್ನೂ ಮನೆಗೆ ತಂದು ಟ್ರಂಕಿನೊಳಗೆ ಅಪ್ಪನ ರಸೀದಿಗಳ ಕಟ್ಟಿನ ಮೇಲಿಟ್ಟೆ.