ರಿಸೆಪ್ಷನ್ ಆರ್ಡರ್

ಮಾನಸಿಕ ಅಸ್ವಸ್ಥರೊಬ್ಬರನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಿ ಎಂದು ಮ್ಯಾಜಿಸ್ಟ್ರೇಟರು ಹೊರಡಿಸುತ್ತಿದ್ದ ಆದೇಶಕ್ಕೆ ಈ ಹೆಸರು. 1912ರ ಲೂನಸಿ (ಹುಚ್ಚು) ಕಾಯ್ದೆಯಲ್ಲಿದ್ದ ಇದು 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಉಳಿದುಕೊಂಡಿತು. ಬೀದಿಯಲ್ಲಿ ಅಲೆಯುತ್ತಿದ್ದವರನ್ನು ಪೊಲೀಸರು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ವೈದ್ಯರ ಸರ್ಟಿಫಿಕೇಟು ಬಂದರೆ ಆದೇಶವಾಗುತ್ತಿತ್ತು. ಮಹಾರಾಷ್ಟ್ರದಲ್ಲಿ ಪುಣೆಯ ಯೆರವಡಾ, ಠಾಣೆ ನಗರ, ನಾಗಪುರ, ರತ್ನಾಗಿರಿಯ ಸರ್ಕಾರಿ ಮನೋರುಗ್ಣಾಲಯಗಳ ಬಾಗಿಲು ತೆರೆಯುತ್ತಿದ್ದ ಕಾಗದಗಳಲ್ಲಿ ಇದೂ ಒಂದು.

ಒಳಗೆ ಹೋಗುವುದು ಸುಲಭ, ಹೊರಗೆ ಬರುವುದೇ ಕಷ್ಟ. ಕರೆದೊಯ್ಯಲು ಯಾರೂ ಬರದಿದ್ದರೆ ಗುಣವಾದವರೂ ವಾರ್ಡಿನಲ್ಲೇ ಉಳಿದುಬಿಡುತ್ತಿದ್ದರು. 2,540 ಹಾಸಿಗೆ ಮಂಜೂರಾಗಿದ್ದ ಯೆರವಡಾದಂಥ ಆಸ್ಪತ್ರೆ, ಚಿಕಿತ್ಸೆಯ ಜಾಗವಾಗಿದ್ದದ್ದು ಹಲವರಿಗೆ ಕಾಯಂ ವಸತಿಯಾಗಿಬಿಟ್ಟಿತು. ಇದು ಘೋರ ಅನ್ಯಾಯ.

2018ರ ಮೇ 29ರಂದು ಜಾರಿಗೆ ಬಂದ ಹೊಸ ಕಾಯ್ದೆ, ಅಂದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ರಿಸೆಪ್ಷನ್ ಆರ್ಡರನ್ನು ಕೈಬಿಟ್ಟಿತು. ಈಗ ಪೊಲೀಸರು ಇಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೇ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಮ್ಯಾಜಿಸ್ಟ್ರೇಟರು ತಪಾಸಣೆಗೆಂದು ದಾಖಲಿಸಲು ಹೇಳಬಹುದು, ಅದೂ ಹೆಚ್ಚೆಂದರೆ 10 ದಿನ. ರೋಗಿಯ ಒಪ್ಪಿಗೆ ಇಲ್ಲದ ದಾಖಲಾತಿಗೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು. ಮೊದಲ ಅವಧಿ ಹೆಚ್ಚೆಂದರೆ 30 ದಿನ. ಮನೆಯವರು ಬೇಡವೆಂದರು, ಮನೆಯೇ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಅಂಥವರಿಗೆ ಹಾಫ್‌ವೇ ಹೋಮ್, ಅಂದರೆ ಆಸ್ಪತ್ರೆ ಬಿಟ್ಟ ಮೇಲೆ ಸ್ವತಂತ್ರ ಬದುಕಿಗೆ ಮರಳುವವರೆಗೆ ಇರುವ ಮನೆ, ಬೇಕು. ಮಹಾರಾಷ್ಟ್ರ ಗುಣವಾದವರನ್ನು ಭಿಕ್ಷುಕರ ಗೃಹಗಳಿಗೂ ವೃದ್ಧಾಶ್ರಮಗಳಿಗೂ ಸಾಗಿಸುತ್ತಿದ್ದುದನ್ನು 2019ರಲ್ಲಿ ಸುಪ್ರೀಂ ಕೋರ್ಟು ತಡೆಯಿತು.

ಪುಣೆಯ ಕನ್ನಡಿಗರಿಗೆ ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಕನ್ನಡ ಮಾತ್ರ ಬಲ್ಲ ರೋಗಿ ಸಿಕ್ಕಾಗ ಊರಿನ ಹೆಸರು ಮರಾಠಿಯಲ್ಲಿ ತಪ್ಪಾಗಿ ದಾಖಲಾದರೆ ಹುಡುಕಾಟವೂ ಅಲ್ಲಿಗೇ ನಿಲ್ಲುತ್ತದೆ. 'ಬಿಜಾಪುರ' ಎಂದವರ ಮನೆ ಇಂದಿನ ವಿಜಯಪುರದಲ್ಲಿರಬಹುದು. ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರವಿದೆ. ಹೊಸೂರುಗಳಿಗಂತೂ ಲೆಕ್ಕವಿಲ್ಲ. ಆದ್ದರಿಂದ ಊರೊಂದನ್ನೇ ಕೇಳಬೇಡಿ. ತಾಲ್ಲೂಕು, ಸಂತೆಯ ದಿನ, ಊರ ದೇವರು, ಜಾತ್ರೆ, ಬಸ್ಸು ಹತ್ತುವ ಜಾಗ, ಹತ್ತಿರದ ರೈಲ್ವೆ ನಿಲ್ದಾಣ ಕೇಳಿ. ಒಂದೇ ದಿನಕ್ಕೆ ಎಲ್ಲ ಹೇಳಿಸಲು ಹೋಗಬೇಡಿ, ಔಷಧಿ ಹಿಡಿದ ಮೇಲೆ ನೆನಪು ಮರಳುವುದುಂಟು. ಸಿಕ್ಕ ವಿವರವನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಕೊಡಿ. ಅವರು ಒಪ್ಪಿದರೆ ಆ ತಾಲ್ಲೂಕಿನ ಪೊಲೀಸ್ ಠಾಣೆಗೆ ಕನ್ನಡದಲ್ಲೇ ಫೋನ್ ಮಾಡಿ. ಕಾಣೆಯಾದವರ ದೂರು ಅಲ್ಲಿ ಮೊದಲೇ ದಾಖಲಾಗಿರಬಹುದು.