ಗೋಪುರ ಇಲ್ಲ, ಗಂಟೆ ಇಲ್ಲ. ಅದೂ ಚರ್ಚೇನಾ?

ಓದುಗರ ಪ್ರಶ್ನೆ: ನಮ್ಮ ಬೀದಿಯಲ್ಲಿ ಶೀಟ್ ಹೊದಿಸಿದ ಒಂದು ಶೆಡ್ಡಿನಲ್ಲಿ ಭಾನುವಾರ ಪ್ರಾರ್ಥನೆ ನಡೆಯುತ್ತೆ. ಗೋಪುರ ಇಲ್ಲ, ಗಂಟೆ ಇಲ್ಲ, ಬೆಂಚೂ ಇಲ್ಲ. ಪಾಸ್ಟರ್ ಪ್ಯಾಂಟು ಶರ್ಟಿನಲ್ಲೇ ಇರ್ತಾರೆ. ನನ್ನ ಗೆಳತಿ ಬಾ ಅಂತ ಕರೆದಿದ್ದಾಳೆ. ಇದು ನಿಜವಾಗಲೂ ಚರ್ಚಾ? ನಾನು ಕ್ರೈಸ್ತಳಲ್ಲ, ಹೋಗಬಹುದಾ? (ಕೋಲಾರದ ಓದುಗರು)

ಹೌದು, ಅದು ಚರ್ಚೇ. ನೀವು ಖಂಡಿತ ಹೋಗಬಹುದು. ನಾನೂ ಕೋಲಾರದಲ್ಲಿ ಇಂಥದ್ದೇ ಒಂದು ಸಣ್ಣ ಸಭೆಗೆ ವರ್ಷಗಳಿಂದ ಹೋಗುತ್ತಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು.

ಚರ್ಚು ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಕೆಜಿಎಫ್‌ನ ಹಳೇ ಕಟ್ಟಡಗಳು. ಬ್ರಿಟಿಷರ ಗಣಿ ಕಂಪನಿ ಕಾಲದವು. ಗಣಿ 2001ರಲ್ಲಿ ಮುಚ್ಚಿತು, ಕಟ್ಟಡಗಳು ನಿಂತಿವೆ. ಕೋಲಾರ ಪೇಟೆಯಲ್ಲಾದರೆ ಮೆಥೋಡಿಸ್ಟ್ ಮಿಷನ್ನವರು 1910ರಲ್ಲಿ ಶುರು ಮಾಡಿದ ಇಟಿಸಿಎಂ ಆಸ್ಪತ್ರೆ ಎಲ್ಲರಿಗೂ ಗೊತ್ತು. ಹೀಗಾಗಿ ಕ್ರೈಸ್ತರು ಅಂದರೆ ದೊಡ್ಡ ಕಾಂಪೌಂಡು, ಗಟ್ಟಿ ಕಟ್ಟಡ ಅನ್ನುವ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಆದರೆ ಮೊದಮೊದಲು ಕ್ರೈಸ್ತರು ಸೇರುತ್ತಿದ್ದದ್ದು ಹೆಚ್ಚಾಗಿ ಮನೆಗಳಲ್ಲಿ. ಆ ಕಾಲದಲ್ಲಿ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನು ರೋಮಿನ ಕ್ರೈಸ್ತರಿಗೆ ಬರೆದ ಪತ್ರ ಬೈಬಲಿನಲ್ಲಿದೆ. ಅದರ ಕೊನೆಯಲ್ಲಿ ಪ್ರಿಸ್ಕ, ಅಕ್ವಿಲ ಎಂಬ ಗಂಡ ಹೆಂಡತಿಗೆ ವಂದನೆ ಹೇಳುತ್ತಾನೆ. ಅವರ ಮನೆಯಲ್ಲಿ ಕೂಡುವ ಸಭೆಗೂ ಹೇಳುತ್ತಾನೆ. ಇಬ್ಬರದ್ದೂ ಗುಡಾರ ಹೊಲಿಯುವ ಕಸುಬು. ಸಿರಿಯಾದ ದೂರಾ ಯೂರೋಪಸ್ ಎಂಬ ಊರಿನಲ್ಲಿ ಮೂರನೇ ಶತಮಾನದ ಒಂದು ಮನೆ ಸಿಕ್ಕಿದೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು, ಜನ ಕೂರಲು ಒಂದೇ ದೊಡ್ಡ ಕೋಣೆ ಮಾಡಿಕೊಂಡಿದ್ದರು. ಜನ ಜಾಸ್ತಿ ಆದರು, ಗೋಡೆ ಅಡ್ಡ ಬಂತು, ತೆಗೆದರು. ನಿಮ್ಮ ಬೀದಿಯ ಶೆಡ್ಡಿನವರೂ ಅಲ್ಲಿದ್ದಿದ್ದರೆ ಅದನ್ನೇ ಮಾಡುತ್ತಿದ್ದರು, ಅಲ್ವಾ?

ಕನ್ನಡ ಬೈಬಲಿನಲ್ಲಿ ಚರ್ಚಿಗೆ ಇರುವ ಮಾತು ‘ಸಭೆ’. ಮೂಲ ಗ್ರೀಕ್ ಪದ ಎಕ್ಲೇಸಿಯಾ. ಅದರ ಅರ್ಥವೂ ಕೂಡಿ ಬಂದ ಜನ ಅಂತಲೇ. ನಮ್ಮಲ್ಲಿ ಹಿರಿಯರು ಇವತ್ತಿಗೂ ‘ಸಭೆಗೆ ಹೋಗಿದ್ದೆ’ ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಕಾಣುವುದು ಮುಖಗಳು.

ಹಾಗಾದರೆ ಇಂಥ ಸಭೆಯನ್ನು ಯಾವುದರಿಂದ ಅಳೆಯಬೇಕು? ನಾನು ನೋಡುವುದು ಒಂದೇ: ಯಾರು ಎಲ್ಲಿ ಕೂರುತ್ತಾರೆ. ಬೈಬಲಿನಲ್ಲಿರುವ ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಇದರ ಮಾತೇ ಇದೆ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೇ ಜಾಗ ಕೊಟ್ಟು, ಕೊಳೆ ಬಟ್ಟೆಯ ಬಡವನಿಗೆ ಅಲ್ಲೇ ನಿಲ್ಲು, ಇಲ್ಲಾ ಕೆಳಗೆ ಕೂರು ಅಂದರೆ ಅದು ತಪ್ಪು ಎಂದು ನೇರವಾಗಿ ಹೇಳುತ್ತದೆ. ನಾನು ಚಿಕ್ಕವನಿದ್ದಾಗ ಬೇರೆ ಊರಿನ ಒಂದು ಚರ್ಚಿನಲ್ಲಿ ಅಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಯಾರೋ ಬಂದು, ಇದು ಇಂಥ ಮನೆಯವರ ಜಾಗ, ಹಿಂದೆ ಹೋಗಮ್ಮ ಅಂದರು. ಅಮ್ಮ ಸುಮ್ನೆ ಎದ್ದು ಹಿಂದೆ ಹೋದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೆ ಅದು ಇವತ್ತಿಗೂ ನೋವು.

ನಮ್ಮ ಸಭೆಯಲ್ಲಿ ಬೆಂಚು ಹಾಕಿಸುವ ಮಾತು ಬಂದಾಗ ನಾನು ಬೇಡ ಅಂದದ್ದು ಅದಕ್ಕೇ. ಈಗಲೂ ನೆಲಕ್ಕೆ ಜಮಖಾನ. ಮಂಡಿ ನೋವಿನವರಿಗೆ ಗೋಡೆ ಪಕ್ಕ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ಟೊಮೆಟೊ ಸೀಸನ್ನಿನಲ್ಲಿ ಒಬ್ಬರು ಅಕ್ಕ ಮಾರುಕಟ್ಟೆಯಿಂದ ನೇರ ಬರುತ್ತಾರೆ. ಸೆರಗಿನಲ್ಲಿ ಟೊಮೆಟೊ ರಸದ ಕಲೆ, ಬೆರಳ ಸಂದಿಯಲ್ಲಿ ಕಾಯಿಯ ಹಸಿರು. ಅವರ ಪಕ್ಕ ಬ್ಯಾಂಕಿನಲ್ಲಿ ಕೆಲಸ ಮಾಡುವವರು ಕೂತಿರುತ್ತಾರೆ. ಅಕ್ಕನ ಮನೆಮಾತು ತೆಲುಗು, ಓದಲು ಬರುವುದು ಕನ್ನಡ ಮಾತ್ರ. ಹಾಗಾಗಿ ತೆಲುಗು ಹಾಡುಗಳನ್ನೆಲ್ಲ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಹಾಡು ಶುರುವಾದರೆ ಬ್ಯಾಂಕಿನವರು ಆ ಪುಸ್ತಕಕ್ಕೇ ಬಗ್ಗಿ ನೋಡಿಕೊಂಡು ಹಾಡುತ್ತಾರೆ. ಆರಾಧನೆ ಮುಗಿದ ಮೇಲೆ ಚಿತ್ರಾನ್ನವೋ ಮುದ್ದೆ ಸಾರೋ ಇದ್ದರೆ ಅದೇ ಸಾಲಿನಲ್ಲಿ ಊಟ. ಜಾತಿ ಲೆಕ್ಕದಲ್ಲಿ ಪಂಕ್ತಿ ಬೇರೆಯಾಗುವುದನ್ನು ಕಂಡ ನಮ್ಮ ಜಿಲ್ಲೆಯಲ್ಲಿ ಈ ಒಂದು ಸಾಲು ಸಣ್ಣ ಮಾತಲ್ಲ.

ಇನ್ನು ನೀವು ಹೋದಾಗ ಏನಾಗುತ್ತದೆ ಅಂತ ಹೇಳುತ್ತೇನೆ. ಚಪ್ಪಲಿ ಹೊರಗೆ ಬಿಡುತ್ತಾರೆ. ಹಾಡು, ಪ್ರಾರ್ಥನೆ, ಯಾರಾದರೂ ಒಬ್ಬಿಬ್ಬರ ಸಾಕ್ಷಿ (ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳಿಕೊಳ್ಳುವುದು), ಆಮೇಲೆ ಪಾಸ್ಟರ್ ಬೈಬಲಿನ ವಾಕ್ಯ ಓದಿ ವಿವರಿಸುತ್ತಾರೆ. ಕೆಲವರು ಜೋರಾಗಿ ಅಳುತ್ತಾ ಪ್ರಾರ್ಥಿಸಬಹುದು. ಗಾಬರಿ ಬೇಡ, ಮನಸ್ಸಿನ ಭಾರ ಇಳಿಸಿಕೊಳ್ಳುತ್ತಿರುತ್ತಾರೆ. ಕಾಣಿಕೆ ಚೀಲ ಬಂದಾಗ ನೀವು ಏನೂ ಹಾಕಬೇಕಿಲ್ಲ, ಪಕ್ಕದವರಿಗೆ ದಾಟಿಸಿ. ಕರ್ತನ ಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿನ ಆಚರಣೆ, ಇರುವ ದಿನ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಹೆಚ್ಚಿನ ಸಭೆಗಳಲ್ಲಿ ಅದು ದೀಕ್ಷಾಸ್ನಾನ (ಕ್ರೈಸ್ತರಾಗುವಾಗ ನೀರಿನಿಂದ ಮಾಡುವ ವಿಧಿ) ಆದವರಿಗೆ. ನೀವು ಕೂತಲ್ಲೇ ಇರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಹೋದ ಮಾತ್ರಕ್ಕೆ ಕ್ರೈಸ್ತರಾಗುವುದೂ ಇಲ್ಲ. ಯಾರಾದರೂ ಒತ್ತಾಯ ಮಾಡಿದರೆ, ಆಸೆ ತೋರಿಸಿದರೆ ಎದ್ದು ಬನ್ನಿ. ನಂಬಿಕೆ ಅನ್ನುವುದು ಒತ್ತಾಯಕ್ಕೆ ಬರುವಂಥದ್ದಲ್ಲ.

ಸಣ್ಣ ಸಭೆಗಳ ಒಂದು ತೊಂದರೆಯನ್ನೂ ಹೇಳಲೇಬೇಕು. ಎಲ್ಲವೂ ಒಬ್ಬರ ಕೈಯಲ್ಲಿ ಇದ್ದುಬಿಡುವ ಅಪಾಯ ಜಾಸ್ತಿ. ಕಾಣಿಕೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಕೇಳಿದರೆ ಮುಖ ಗಂಟಿಕ್ಕುವ ಕಡೆ ನಾನಂತೂ ಕೂರುವುದಿಲ್ಲ. ನಮ್ಮಲ್ಲಿ ತಿಂಗಳಿಗೊಮ್ಮೆ ಲೆಕ್ಕ ಓದುತ್ತಾರೆ, ಬಲ್ಬು ತಂದ ದುಡ್ಡಿನ ತನಕ. ಮದುವೆ ವಿಷಯದಲ್ಲೂ ಎಚ್ಚರ ಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆಸಲು ಎಲ್ಲ ಪಾಸ್ಟರ್‌ಗಳಿಗೂ ತಾನಾಗಿಯೇ ಅಧಿಕಾರ ಬರುವುದಿಲ್ಲ. ಸಣ್ಣ ಸಭೆಗಳ ಪಾಸ್ಟರ್ ಆದರೆ ಸರ್ಕಾರದ ಲೈಸೆನ್ಸ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಬೇಕು.

ನಿಮಗೆ ಸದ್ಯಕ್ಕೆ ಇದ್ಯಾವುದೂ ಬೇಕಿಲ್ಲ. ಈ ಭಾನುವಾರ ಗೆಳತಿಯ ಜೊತೆಗೇ ಹೋಗಿ, ಅವಳ ಪಕ್ಕದಲ್ಲೇ ಕೂತುಕೊಳ್ಳಿ. ಹಾಡಿನ ಪುಸ್ತಕ ಇಲ್ಲ ಅಂತ ಯೋಚನೆ ಮಾಡಬೇಡಿ. ಪಕ್ಕದ ಯಾರೋ ಒಬ್ಬ ಅಕ್ಕ ತಮ್ಮದನ್ನು ನಿಮ್ಮ ಕಡೆಗೂ ಸ್ವಲ್ಪ ತಿರುಗಿಸಿ ಹಿಡಿಯುತ್ತಾರೆ.