ತ್ರಿಕೋನದ ಖಾಲಿ ಅರ್ಧ

ವರ್ಷದ ಕೊನೆಯ ವಾರದಲ್ಲಿ ಕಾರೊಂದು ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆಯಿತೆಂದು ಭಾವಿಸೋಣ. ಗಾಯಾಳು ಆಸ್ಪತ್ರೆಯಲ್ಲಿದ್ದಾರೆ, ಕಾರಿಗೆ ವಿಮೆ ನೀಡಿದ ಕಂಪನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅಷ್ಟರಲ್ಲಿ ವರ್ಷ ಮುಗಿದು ಕಂಪನಿಯ ಲೆಕ್ಕಪತ್ರಗಳು ಮುಗಿತಾಯಗೊಳ್ಳುತ್ತವೆ. ಮೂರು ತಿಂಗಳ ನಂತರ ಕ್ಲೇಮು ಬರುತ್ತದೆ, ಪರಿಹಾರದ ಮೊತ್ತಕ್ಕೆ ಒಪ್ಪಿಗೆಯಾಗದೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ, ಐದನೆಯ ವರ್ಷದಲ್ಲಿ ತೀರ್ಪು ಬಂದು ಹಣ ಪಾವತಿಯಾಗುತ್ತದೆ. ಆ ಹಣ ಅಪಘಾತ ನಡೆದ ವರ್ಷದ ಖರ್ಚೇ ಹೊರತು ತೀರ್ಪು ಬಂದ ವರ್ಷದ್ದಲ್ಲ. ಏಕೆಂದರೆ ಅಪಘಾತದ ವರ್ಷದ ಪ್ರೀಮಿಯಂ ಪಡೆದೇ ಕಂಪನಿ ಆ ಹೊಣೆಯನ್ನು ಹೊತ್ತಿತ್ತು. ಹಾಗಾದರೆ ತನಗೆ ತಿಳಿದೇ ಇರದ ಅಪಘಾತವೊಂದಕ್ಕೆ ಕಂಪನಿ ಆ ವರ್ಷವೇ ಹಣ ತೆಗೆದಿಟ್ಟಿರಬೇಕು. ಎಷ್ಟು ತೆಗೆದಿಡಬೇಕು ಎಂಬುದನ್ನು ಲೆಕ್ಕ ಹಾಕುವುದು ಆಕ್ಚುಯರಿ ಎಂದು ಕರೆಯಲ್ಪಡುವ ವಿಮಾಗಣಿತಜ್ಞರ ಕೆಲಸ, ಮತ್ತು ಹೀಗೆ ತೆಗೆದಿಟ್ಟ ಹಣಕ್ಕೆ ಮೀಸಲು ಎಂದು ಹೆಸರು.

ವರದಿಯಾದ ಪ್ರತಿ ಕ್ಲೇಮಿಗೂ ಅದನ್ನು ನಿರ್ವಹಿಸುವ ಸಿಬ್ಬಂದಿ ಒಂದು ಅಂದಾಜು ಮೊತ್ತವನ್ನು ಕಡತದಲ್ಲಿ ಬರೆದಿಡುತ್ತಾರೆ. ಅದರ ಮೇಲೆ, ನಡೆದಿದ್ದರೂ ವರದಿಯಾಗದ ಕ್ಲೇಮುಗಳಿಗೆಂದು ಇನ್ನೊಂದು ಮೊತ್ತ ಬೇಕು. ವೃತ್ತಿಯಲ್ಲಿ ಇದನ್ನು ಐ.ಬಿ.ಎನ್.ಆರ್. (ಇನ್‌ಕರ್ಡ್ ಬಟ್ ನಾಟ್ ರಿಪೋರ್ಟೆಡ್) ಎನ್ನುತ್ತಾರೆ. ವರದಿಯಾದ ಕ್ಲೇಮುಗಳೇ ಮುಂದೆ ಬೆಳೆಯುವ ಮೊತ್ತವನ್ನೂ ಸಾಮಾನ್ಯವಾಗಿ ಇದರಲ್ಲೇ ಸೇರಿಸುತ್ತಾರೆ. ಮನೆಗೆ ಬೆಂಕಿ ಬಿದ್ದರೆ ನಷ್ಟ ಕೆಲವೇ ತಿಂಗಳಲ್ಲಿ ತೀರ್ಮಾನವಾಗುತ್ತದೆ, ಅಲ್ಲಿ ಈ ಮೊತ್ತ ಚಿಕ್ಕದು. ದೈಹಿಕ ಗಾಯ, ವೃತ್ತಿಪರ ನಿರ್ಲಕ್ಷ್ಯ, ಉತ್ಪನ್ನದ ದೋಷ ಮುಂತಾದ ಹೊಣೆಗಾರಿಕೆ ವಿಮೆಗಳಲ್ಲಿ ಇದೇ ದೊಡ್ಡ ಭಾಗ.

ಲೆಕ್ಕದ ಮೂಲ ಸಾಧನ ಒಂದು ತ್ರಿಕೋನ. ಪ್ರತಿ ಸಾಲು ಒಂದು ಅಪಘಾತ ವರ್ಷ, ಪ್ರತಿ ಕಂಬ ಆ ವರ್ಷದ ಆರಂಭದಿಂದ ಕಳೆದ ಕಾಲ. ವಿಷಯ ಸ್ಪಷ್ಟವಾಗಲೆಂದು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳುತ್ತೇನೆ. ಮೊದಲ ಅಪಘಾತ ವರ್ಷಕ್ಕೆ ಒಟ್ಟು ಪಾವತಿ ಮೊದಲ ವರ್ಷಾಂತ್ಯಕ್ಕೆ 100, ನಂತರ 150, 165, ಕೊನೆಗೆ 165ರಲ್ಲೇ ನಿಂತಿದೆ. ಎರಡನೆಯದಕ್ಕೆ 110, 160, 176. ಮೂರನೆಯದಕ್ಕೆ 120, 185. ಈಗಷ್ಟೇ ಮುಗಿದ ನಾಲ್ಕನೆಯದಕ್ಕೆ 130 ಮಾತ್ರ. ಇವನ್ನು ಒಂದರ ಕೆಳಗೊಂದು ಬರೆದರೆ ಎಡಗಡೆಯ ಮೇಲ್ಭಾಗ ತುಂಬಿ, ಬಲಗಡೆಯ ಕೆಳಭಾಗ ಖಾಲಿ ಉಳಿಯುತ್ತದೆ. ಆ ಖಾಲಿ ಅರ್ಧದಲ್ಲಿ ಬರಬೇಕಾದ ಸಂಖ್ಯೆಗಳೇ ಕಂಪನಿಯ ಭವಿಷ್ಯದ ಹೊಣೆ.

ಚೈನ್ ಲ್ಯಾಡರ್ ಎಂಬ ಹಳೆಯ ವಿಧಾನ ಆ ಜಾಗವನ್ನು ಸರಳವಾಗಿ ತುಂಬುತ್ತದೆ. ಮೊದಲ ಕಂಬದಿಂದ ಎರಡನೆಯದಕ್ಕೆ 100, 110, 120 ಎಂಬ ಮೂರು ಸಂಖ್ಯೆಗಳು 150, 160, 185 ಆಗಿವೆ. ಅಂದರೆ 330 ಬೆಳೆದು 495 ಆಗಿದೆ, ಗುಣಕ 1.5. ಎರಡನೆಯದರಿಂದ ಮೂರನೆಯದಕ್ಕೆ 310 ಬೆಳೆದು 341 ಆಗಿದೆ, ಗುಣಕ 1.1. ಆಮೇಲೆ ಬೆಳವಣಿಗೆಯಿಲ್ಲ. ಹಾಗಾಗಿ ನಾಲ್ಕನೆಯ ವರ್ಷದ 130 ಮೊದಲು 195 ಆಗಿ, ಅಂತಿಮವಾಗಿ 214.5ಕ್ಕೆ ನಿಲ್ಲುತ್ತದೆ, ಮೂರನೆಯ ವರ್ಷದ 185 ಹೋಗಿ 203.5 ಆಗುತ್ತದೆ. ಇನ್ನೂ ಕೊಡಬೇಕಾದದ್ದು 84.5 ಮತ್ತು 18.5, ಒಟ್ಟು 103. ಶಾಲೆಯ ಗಣಿತ ಬಲ್ಲ ಯಾರಿಗಾದರೂ ಇದು ಅರ್ಥವಾಗುತ್ತದೆ, ಮತ್ತು ಇಂದಿಗೂ ಮೀಸಲಿನ ಲೆಕ್ಕ ಬಹುಪಾಲು ಶುರುವಾಗುವುದು ಇಲ್ಲಿಂದಲೇ.

ಆದರೆ ಈ ಸರಳತೆಯ ಒಳಗೆ ಒಂದು ನಂಬಿಕೆ ಅಡಗಿದೆ: ಹಿಂದಿನ ವರ್ಷಗಳ ಕ್ಲೇಮುಗಳು ಹೇಗೆ ಬೆಳೆದವೋ ಮುಂದಿನವೂ ಹಾಗೆಯೇ ಬೆಳೆಯುತ್ತವೆ ಎಂಬುದು. ಕಳೆದ ವರ್ಷ ಕಂಪನಿ ಹೊಸ ಗಣಕ ವ್ಯವಸ್ಥೆ ತಂದು, ಸಣ್ಣ ಕ್ಲೇಮುಗಳನ್ನು ಬೇಗ ಇತ್ಯರ್ಥ ಮಾಡತೊಡಗಿತೆಂದು ಊಹಿಸಿ. ನಾಲ್ಕನೆಯ ಸಾಲಿನ 130ರಲ್ಲಿ 20 ಹಾಗೆ ಮುಂಚಿತವಾಗಿ ಪಾವತಿಯಾದ ಹಣವಾಗಿದ್ದರೆ, ಒಟ್ಟು ನಷ್ಟ ಒಂದಿಷ್ಟೂ ಹೆಚ್ಚಿಲ್ಲ. ಆದರೆ ಚೈನ್ ಲ್ಯಾಡರ್ ಆ 20ನ್ನೂ 1.65ರಿಂದ (1.5 ಮತ್ತು 1.1ರ ಗುಣಲಬ್ಧದಿಂದ) ಗುಣಿಸಿ, ಅಂತಿಮ ಅಂದಾಜಿಗೆ 33 ಸೇರಿಸಿಬಿಡುತ್ತದೆ. ಕಂಪನಿ ಪಾವತಿಯನ್ನು ನಿಧಾನಗೊಳಿಸಿದ್ದರೆ ತಪ್ಪು ಇದಕ್ಕೆ ವಿರುದ್ಧವಾಗಿ, ಹೆಚ್ಚು ಅಪಾಯಕಾರಿಯಾಗಿ, ಮೀಸಲು ಕಡಿಮೆಯಾಗುವ ಕಡೆಗೆ ಆಗುತ್ತಿತ್ತು.

ಈಚೆಗಷ್ಟೇ ಮುಗಿದ ಎಳೆಯ ವರ್ಷಗಳ ವಿಷಯದಲ್ಲಿ ಈ ದೌರ್ಬಲ್ಯ ಬಹಳ. ಅದಕ್ಕೊಂದು ಸೊಗಸಾದ ಉತ್ತರವನ್ನು 1972ರಲ್ಲಿ ರೊನಾಲ್ಡ್ ಬಾರ್ನ್‌ಹ್ಯೂಟರ್ ಮತ್ತು ರೊನಾಲ್ಡ್ ಫರ್ಗುಸನ್ ಕೊಟ್ಟರು. ಪ್ರೀಮಿಯಂ ನಿಗದಿ ಮಾಡುವಾಗಲೇ ನಾಲ್ಕನೆಯ ವರ್ಷದ ಒಟ್ಟು ನಷ್ಟ 190 ಆಗಬಹುದೆಂದು ಅಂದಾಜಿಸಿದ್ದೆವು ಎಂದುಕೊಳ್ಳಿ. ಅಂತಿಮ ಮೊತ್ತ ಮೊದಲ ವರ್ಷದ 1.65 ಪಟ್ಟು ಎಂದಾದರೆ, ಮೊದಲ ವರ್ಷಾಂತ್ಯಕ್ಕೆ ಸುಮಾರು 39 ಶೇಕಡ ಬಾಕಿ ಉಳಿದಿರುತ್ತದೆ. 190ರಲ್ಲಿ ಅಷ್ಟು ಪಾಲು ಎಂದರೆ ಸುಮಾರು 75. ಅದನ್ನು ಈಗಾಗಲೇ ಕೊಟ್ಟ 130ಕ್ಕೆ ಕೂಡಿಸಿದರೆ 205. ಇಲ್ಲಿ ಮೊದಲ ವರ್ಷದ ಪಾವತಿ ಆಕಸ್ಮಿಕವಾಗಿ ಏರಿದರೂ ಇಳಿದರೂ ಬಾಕಿಯ ಅಂದಾಜು ಅಲುಗಾಡುವುದಿಲ್ಲ. ಕಾಲ ಕಳೆದು ಬಾಕಿಯ ಪಾಲು ಕುಗ್ಗಿದಂತೆ ಪೂರ್ವಾಭಿಪ್ರಾಯ ತಾನಾಗಿ ಹಿಂದೆ ಸರಿದು ಅನುಭವ ಮುಂದೆ ಬರುತ್ತದೆ. ಈ ಹದ ನನಗೆ ಅತ್ಯಂತ ಮೆಚ್ಚುಗೆಯಾದ ವಿಚಾರಗಳಲ್ಲಿ ಒಂದು.

ಇಷ್ಟಾದರೂ ದೊರೆತದ್ದು ಒಂದೇ ಸಂಖ್ಯೆ. 103 ಎಂದರೆ 95ರಿಂದ 111ರ ನಡುವೆಯೋ, 60ರಿಂದ 180ರ ನಡುವೆಯೋ? 1993ರಲ್ಲಿ ಥಾಮಸ್ ಮ್ಯಾಕ್ ಎಂಬ ಜರ್ಮನ್ ವಿಮಾಗಣಿತಜ್ಞ, ಯಾವುದೇ ನಿರ್ದಿಷ್ಟ ಸಂಭವನೀಯತಾ ವಿತರಣೆಯನ್ನು ಊಹಿಸದೆಯೇ ಚೈನ್ ಲ್ಯಾಡರ್ ಅಂದಾಜಿನ ಪ್ರಮಾಣಿತ ದೋಷವನ್ನು, ಅಂದರೆ ಅಂದಾಜು ಸಾಮಾನ್ಯವಾಗಿ ಎಷ್ಟು ತಪ್ಪಬಹುದೆಂಬ ಅಳತೆಯನ್ನು, ಲೆಕ್ಕ ಹಾಕುವ ಸೂತ್ರ ಕೊಟ್ಟರು. ಅಲ್ಲಿಂದಾಚೆಗೆ ಮೀಸಲನ್ನು ಒಂದು ವ್ಯಾಪ್ತಿಯಾಗಿ ನೋಡುವ ಅಭ್ಯಾಸ ಬಲವಾಯಿತು. ಆ ವ್ಯಾಪ್ತಿಯನ್ನು ಹೇಳದೆ ಸಂಖ್ಯೆಯೊಂದನ್ನೇ ಆಡಳಿತ ಮಂಡಳಿಯ ಮುಂದಿಡುವುದು ಅರ್ಧ ಉತ್ತರ ಕೊಟ್ಟಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತ್ರಿಕೋನವು ಸಾವಿರಾರು ಕ್ಲೇಮುಗಳನ್ನು ಹತ್ತಾರು ಮೊತ್ತಗಳಾಗಿ ಕುಗ್ಗಿಸುವಾಗ ಬಹಳಷ್ಟು ಮಾಹಿತಿಯನ್ನು ಬಿಟ್ಟುಬಿಡುತ್ತದೆ. ಗಾಯದ ಸ್ವರೂಪ, ಗಾಯಾಳುವಿನ ವಯಸ್ಸು, ವಕೀಲರು ಬಂದಿದ್ದಾರೆಯೇ, ಅಪಘಾತವಾಗಿ ಎಷ್ಟು ದಿನಕ್ಕೆ ವರದಿಯಾಯಿತು, ಇವೆಲ್ಲ ಕಡತದಲ್ಲಿರುತ್ತವೆ. ಮುನ್ಸೂಚನಾ ಮಾದರಿಗಳ ಆಕರ್ಷಣೆ ಇಲ್ಲಿದೆ. 1972ರಲ್ಲೇ ನೆಲ್ಡರ್ ಮತ್ತು ವೆಡರ್‌ಬರ್ನ್ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಸಾಮಾನ್ಯೀಕೃತ ರೇಖೀಯ ಮಾದರಿಗಳು ಪ್ರೀಮಿಯಂ ನಿಗದಿಯಲ್ಲಿ ಬೇರೂರಿವೆ: ಕ್ಲೇಮು ಎಷ್ಟು ಬಾರಿ ಬರುತ್ತದೆ ಎಂಬುದಕ್ಕೆ ಸಾಮಾನ್ಯವಾಗಿ ಪಾಯ್ಸನ್ ವಿತರಣೆ, ಬಂದರೆ ಎಷ್ಟು ದೊಡ್ಡದು ಎಂಬುದಕ್ಕೆ ಗಾಮಾ ವಿತರಣೆ. ಈಗ ನಿರ್ಣಯ ವೃಕ್ಷಗಳ ಗುಚ್ಛಗಳೂ ನರಜಾಲ ಮಾದರಿಗಳೂ ಒಂದೊಂದು ಕ್ಲೇಮಿನ ಅಂತಿಮ ವೆಚ್ಚವನ್ನು ಊಹಿಸಲು ಬಳಕೆಯಾಗುತ್ತಿವೆ.

ಇಲ್ಲಿರುವ ಒಂದು ಹೊಂಡವನ್ನು ಹೊಸಬರು ಸುಲಭವಾಗಿ ಗಮನಿಸುವುದಿಲ್ಲ. ಮಾದರಿಗೆ ಕಲಿಸಲು ಅಂತಿಮ ವೆಚ್ಚ ಗೊತ್ತಿರುವ ಕ್ಲೇಮುಗಳು ಬೇಕು, ಅಂದರೆ ಇತ್ಯರ್ಥವಾದವು. ಆದರೆ ಬೇಗ ಇತ್ಯರ್ಥವಾಗುವವು ಚಿಕ್ಕವು, ತಕರಾರಿಲ್ಲದವು. ಬೆನ್ನುಮೂಳೆಯ ಗಾಯದ ಮೊಕದ್ದಮೆ ಇನ್ನೂ ನಡೆಯುತ್ತಲೇ ಇರುತ್ತದೆ, ಆದ್ದರಿಂದ ಅದು ಪಾಠದಿಂದ ಹೊರಗುಳಿಯುತ್ತದೆ. ಇತ್ಯರ್ಥವಾದವುಗಳಿಂದಷ್ಟೇ ಕಲಿತ ಮಾದರಿ ಇತ್ಯರ್ಥವಾಗದವುಗಳ ವೆಚ್ಚವನ್ನು ವ್ಯವಸ್ಥಿತವಾಗಿ ಕಡಿಮೆ ಹೇಳುತ್ತದೆ, ಮತ್ತು ಪರೀಕ್ಷೆಯ ದತ್ತಾಂಶವೂ ಇತ್ಯರ್ಥವಾದವುಗಳಿಂದಲೇ ಬಂದಿದ್ದರೆ ಪರೀಕ್ಷೆಯಲ್ಲಿ ಉತ್ತಮ ಅಂಕವನ್ನೂ ಪಡೆಯುತ್ತದೆ. ಘಟನೆಯೊಂದು ನಡೆಯಲು ಹಿಡಿಯುವ ಕಾಲವನ್ನು ಅಳೆಯುವ ಬದುಕುಳಿಯುವಿಕೆಯ ವಿಶ್ಲೇಷಣೆಯಲ್ಲಿ ಮಾಡುವಂತೆ, ಅಪೂರ್ಣ ಕ್ಲೇಮುಗಳನ್ನು ಅಪೂರ್ಣವೆಂದೇ ಗುರುತಿಸಿ ಲೆಕ್ಕಕ್ಕೆ ತರುವ ವಿಧಾನಗಳಿವೆ. ಅವನ್ನು ಬಳಸದೆ ನಿಖರತೆಯ ಮಾತಾಡಬಾರದು. ಜೊತೆಗೆ, ವರದಿಯೇ ಆಗದ ಕ್ಲೇಮಿಗೆ ಕಡತವೂ ಇಲ್ಲ, ವಯಸ್ಸೂ ಇಲ್ಲ, ಗಾಯದ ವಿವರವೂ ಇಲ್ಲ. ಆ ಭಾಗಕ್ಕೆ ಮತ್ತೆ ಒಟ್ಟು ಸಂಖ್ಯೆಗಳ ಕಡೆಗೇ ಮರಳಬೇಕಾಗುತ್ತದೆ.

ಯಾವ ದತ್ತಾಂಶದಲ್ಲೂ ಇರದ ಬದಲಾವಣೆಗಳೂ ಬರುತ್ತವೆ. ದೀರ್ಘಕಾಲದ ಗಾಯಗಳಿಗೆ ಒಟ್ಟಿಗೆ ಕೊಡುವ ಪರಿಹಾರವನ್ನು ಲೆಕ್ಕ ಹಾಕಲು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಳಸುವ ರಿಯಾಯಿತಿ ದರವನ್ನು (ಮುಂದೆ ಬೇಕಾಗುವ ಹಣವನ್ನು ಇಂದಿನ ಮೊತ್ತಕ್ಕೆ ಇಳಿಸುವ ದರ; ಇದು ತಗ್ಗಿದಷ್ಟೂ ಇಂದು ಹೆಚ್ಚು ಕೊಡಬೇಕು) 2017ರಲ್ಲಿ 2.5 ಶೇಕಡದಿಂದ ಋಣ 0.75ಕ್ಕೆ ಇಳಿಸಿದಾಗ, ಹಳೆಯ ಅಪಘಾತಗಳ ಬಾಕಿ ಕ್ಲೇಮುಗಳ ಮೊತ್ತ ಕೂಡ ಒಮ್ಮೆಗೇ ಏರಿತು. ಕಲ್ನಾರಿನ ಧೂಳಿನಿಂದ ಬರುವ ಕ್ಯಾನ್ಸರ್ ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಅಂಥ ಹಳೆಯ ಹೊಣೆಗಳ ಭಾರ ತಾಳಲಾರದೆ ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ 1996ರಲ್ಲಿ ಅವನ್ನು ಈಕ್ವಿಟಾಸ್ ಎಂಬ ಪ್ರತ್ಯೇಕ ಸಂಸ್ಥೆಗೆ ವರ್ಗಾಯಿಸಿತು. 2001ರಲ್ಲಿ ಆಸ್ಟ್ರೇಲಿಯಾದ ಎಚ್.ಐ.ಎಚ್. ವಿಮಾ ಸಮೂಹ ಕುಸಿದಾಗ, ಭವಿಷ್ಯದ ಕ್ಲೇಮುಗಳಿಗೆ ಸಾಕಷ್ಟು ಹಣ ತೆಗೆದಿಡದಿದ್ದುದೇ ಪ್ರಧಾನ ಕಾರಣವೆಂದು ತನಿಖೆ ನಡೆಸಿದ ರಾಯಲ್ ಕಮಿಷನ್ ಕಂಡುಕೊಂಡಿತು. ಮೀಸಲು ಕಡಿಮೆಯಾದರೆ ಲಾಭ ಹೆಚ್ಚಾಗಿ ಕಾಣುತ್ತದೆ. ನಷ್ಟ ಕಡಿಮೆಯೆಂಬ ಅದೇ ತಪ್ಪು ಅಂಕಿಯನ್ನು ಪ್ರೀಮಿಯಂ ಮಾದರಿಯೂ ಕಲಿತು, ಮುಂದಿನ ಪಾಲಿಸಿಗಳನ್ನು ಅಗ್ಗವಾಗಿ ಮಾರುತ್ತದೆ. ಒಂದು ಕೊರತೆ ಹೀಗೆ ಇನ್ನೊಂದನ್ನು ಹೆರುತ್ತದೆ.

ಆದ್ದರಿಂದಲೇ ಒಳ್ಳೆಯ ಮೀಸಲು ವಿಭಾಗಗಳು ಪ್ರತಿ ತ್ರೈಮಾಸಿಕದಲ್ಲಿ ನಿರೀಕ್ಷಿತ ಪಾವತಿಯನ್ನೂ ನಿಜವಾದ ಪಾವತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತವೆ. ನಮ್ಮ ನಾಲ್ಕನೆಯ ವರ್ಷದ 130 ಮುಂದಿನ ವರ್ಷಾಂತ್ಯಕ್ಕೆ 195 ಆಗಬೇಕಿತ್ತು, ಆಗಿದ್ದು 180 ಎಂದುಕೊಳ್ಳಿ. ನಷ್ಟವೇ ಕಡಿಮೆಯಾಯಿತೋ, ಪಾವತಿ ತಡವಾಯಿತೋ, ಅಥವಾ ಕಳೆದ ವರ್ಷ ಬೇಗ ಕೊಟ್ಟ ಹಣದ ಪರಿಣಾಮ ಈಗ ಕಾಣುತ್ತಿದೆಯೋ ಎಂಬುದನ್ನು ತ್ರಿಕೋನ ತಾನಾಗಿ ಹೇಳುವುದಿಲ್ಲ. ವಿಮಾಗಣಿತಜ್ಞರು ಆಗ ಕ್ಲೇಮು ವಿಭಾಗಕ್ಕೆ ಹೋಗಿ, ಬಾಕಿ ಇರುವ ಕಡತಗಳೆಷ್ಟು, ಇತ್ಯರ್ಥಕ್ಕೆ ಎಷ್ಟು ದಿನ ಹಿಡಿಯುತ್ತಿದೆ, ದೊಡ್ಡ ಮೊಕದ್ದಮೆಗಳು ಯಾವ ಹಂತದಲ್ಲಿವೆ ಎಂದು ಒಂದೊಂದಾಗಿ ಕೇಳುತ್ತಾರೆ.